ಅತ್ತಿಯ ಬೇವಿನ ಮಣಿ

ಮಣಿ ಒಡದಿದ್ದು ನನ್ನಿಂದ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಹೇಳಬೇಕಾದಾಗ ನನಗ ಬಾಯಿ ಬರಲಿಲ್ಲ.

ಶಹಾಪುರದ ನಮ್ಮ ಮನ್ಯಾಗ ಕಾಯಿಪಲ್ಲೆ ಇಟ್ಟು ಹೆಚ್ಚೋ ಹಲಗಿ, ನಾವು ಮಣಿ ಅಂತೀವಿ, ಒಂದಿತ್ತು. ಬೇವಿನ ಕಟಿಗಿದು, ಮೂರು ಬೆರಳು ದಪ್ಪ. ನಮ್ಮ ಅತ್ತಿಯವರ ತವರು ರಾಮಸಮುದ್ರದಾಗ ಹಿತ್ತಲ ಬೇವು ಕಡಿಸಿದಾಗ ಅವರಪ್ಪ ಮಾಡಿಸಿ ಕೊಟ್ಟಿದ್ದು. ಹೋದ ವರ್ಷ ಅತ್ತಿಯವರಿಗೆ ಲಕ್ವಾ ಹೊಡದು ಎಡಗೈ ಸೋತುಹೋತು. ರೊಟ್ಟಿ ಬಡಿಯೋದು, ನೀರು ತುಂಬೋದು ಎಲ್ಲಾ ನಿಂತು, ಉಳ್ಳಾಗಡ್ಡಿ ಹೆಚ್ಚೋದೊಂದು ಉಳೀತು. ಮಣಿ ಅಷ್ಟು ಭಾರ ಇತ್ತಂದ್ರ ಅದನ್ನ ಹಿಡಕೊಳ್ಳೋದೇ ಬೇಕಿರಲಿಲ್ಲ. ಎಡಗೈ ಉಳ್ಳಾಗಡ್ಡಿ ಮ್ಯಾಲ ಸುಮ್ನ ಇಟ್ಟು ಬಲಗೈಲೆ ಹೆಚ್ಚತಿದ್ರು. ಅಷ್ಟು ಮುಗಿಸಿದ ಮ್ಯಾಲನ ಮುಂಜಾನಿ ಚಾ. ಕೆಲಸ ಮಾಡಿ ಕುಡಿಯೋ ಚಾ ಅಂತ ಠೀವಿಲೆ ಕುಡೀತಿದ್ರು.

ನಮ್ಮ ಕಡಿ ಹಬ್ಬ ಬಂತಂದ್ರ ಮನ್ಯಾಗಿನ ಸಾಮಾನೆಲ್ಲ ಹೊರಗ. ಡಬ್ಬಿ, ಕೌದಿ, ಚಾಪಿ, ಕಣ್ಣಿಗೆ ಬಿದ್ದದ್ದೆಲ್ಲ ತೊಳದು ಮಾಳಗಿ ಮ್ಯಾಲ ಹರವಬೇಕು. ಈ ಸಲ ಯುಗಾದಿ ಮುಂದ ನಾನು ಅದೇ ಹುರುಪಿನ್ಯಾಗ ಮಣಿನೂ ಬಿಡಲಿಲ್ಲ. ಸಾಬಣ ಪುಡಿ ನೀರಾಗ ಒಂದು ದಿನ ನೆನಿಹಾಕಿ, ತಿಕ್ಕಿ ತಿಕ್ಕಿ ತೊಳದು ಬಿಸಲಿಗೆ ಇಟ್ಟೆ. ನಮ್ಮೂರ ಬಿಸಲು ಗೊತ್ತದಲ್ಲ. ಸಂಜಿಗೆ ಹೋಗಿ ನೋಡಿದ್ರ ಮಣಿ ನಡಬರಕ ಸೀಳಿ, ಎರಡೂ ಅಂಚು ಮ್ಯಾಲೆದ್ದಿದ್ದುವು.

ಹಳೇದಾಗಿತ್ತು, ತಾನ ಸೀಳ್ಯಾದ ಅಂತ ಅತ್ತಿಗೆ ಸುಳ್ಳು ಹೇಳಿದೆ. ಅವರು ಮಣಿ ಮ್ಯಾಲ ಬಗ್ಗಿ ನೋಡಿ, ನನ್ನ ಮಾರಿ ನೋಡಿದ್ರು. ಬಜಾರದಾಗಿಂದ ಪ್ಲಾಸ್ಟಿಕ್ ಮಣಿ ತಂದುಕೊಟ್ಟೆ. ಮೂರನೇ ದಿನ ಅದು ಜಾರಿ, ಚಾಕು ಅತ್ತಿಯ ಎಡಗೈ ಬೆರಳಿಗೆ ಇಳೀತು. ಎರಡು ಹೊಲಿಗಿ ಬಿದ್ದುವು. ಇನ್ನ ಅವ್ವನ ಕೈಗೆ ಚಾಕು ಕೊಡೋದು ಬ್ಯಾಡ ಅಂದವ್ರೆ ನಮ್ಮ ಮನಿಯವ್ರು ಅದನ್ನ ಒಯ್ದು ಮ್ಯಾಲಿನ ಅಲಮಾರಿನ್ಯಾಗ ಇಟ್ರು. ಕೈ ಸೋತದ್ದೇ ಕಾರಣ ಅಂತ ಅವರು ತಿಳಕೊಂಡ್ರು, ನಾನು ತಿಳಕೊಳ್ಳಾಕ ಬಿಟ್ಟೆ.

ಮರುದಿನದಿಂದ ಅತ್ತಿ ಚಾ ಮುಟ್ಟಲಿಲ್ಲ. ಯಾಕ್ರಿ ಅಂದ್ರ, "ಕುಂತು ತಿನ್ನಾಕಿಗೆ ಚಾ ಬ್ಯಾರೆ ಕೇಡು" ಅಂದ್ರು.

ಆ ಮಾತು ಕೇಳಿ ನನ್ನ ಮ್ಯಾಲೆ ನನಗ ಅಷ್ಟು ಸಿಟ್ಟು ಬಂತು, ಹೇಳಂಗಿಲ್ಲ. ಏನರ ಆಗ್ಲಿ, ಈ ಮಣಿ ಕೂಡಸೇ ಕೂಡಸ್ತೀನಿ ಅಂತ ಹಟ ತೊಟ್ಟೆ. ಶಹಾಪುರದಾಗ ಇಬ್ಬರು ಬಡಿಗ್ಯಾರು ನೋಡಿ ನಕ್ಕು, ಒಲಿಗೆ ಹಾಕ್ರಿ ಅಂದ್ರು. ಚೀಲದಾಗ ಹಾಕ್ಕೊಂಡು ಸುರಪುರದ ಬಸ್ಸು ಹತ್ತಿದೆ. ಅಲ್ಲೊಬ್ಬ ಮುದುಕ ಬಡಿಗ್ಯಾರು ಮಣಿ ಹೊಳ್ಳಿಸಿ ನೋಡಿ, ನೆನಸಿ ಬಿಸಲಿಗಿಟ್ರೇನು ಅಂತ ಕೇಳೇಬಿಟ್ರು. ಹೌದ್ರಿ ಅಂದೆ. ಗುರ್ತಿಲ್ಲದವ್ರ ಮುಂದ ಖರೇ ಹೇಳೋದು ಎಷ್ಟು ಸಸಾರ ನೋಡ್ರಿ. ಕಟಿಗಿ ಹೊಟ್ಟಿತುಂಬ ನೀರು ಕುಡದಿತ್ತು, ಬಿಸಲು ಒಮ್ಮಿಗೇ ಹೀರಿತು, ಒಡೀದೆ ಮತ್ತೇನು ಮಾಡ್ತದ ಅಂತ ಬೈದ್ರು. ಸಂಜಿಯೊಳಗ ಹೊಸಾದು ಮಾಡಿಕೊಡ್ತೀನಿ ಅಂದ್ರು. ನನಗ ಹೊಸಾದು ಬ್ಯಾಡ್ರಿ ಅಂತ ಅವರ ಕಟ್ಟಿ ಮ್ಯಾಲೆ ಕುಂತುಬಿಟ್ಟೆ. ಮಧ್ಯಾಹ್ನ ಆದ್ರೂ ಏಳಲಿಲ್ಲ. ಕಡೀಗೆ ಅವರ ಸೋತು ಇಸಗೊಂಡ್ರು. ಸೀಳು ಪೂರಾ ಬಿಡಿಸಿ, ಉಜ್ಜಿ, ಒಳಗ ಎರಡು ಗೂಟ ಹಾಕಿ, ಅಂಟು ಹಚ್ಚಿ, ಎಂಟು ದಿನಕ್ಕ ಕೊಟ್ರು.

ಮುಂದಿನ ಕೆಲಸ ನಿಮ್ಮದು ಅಂದ್ರು. ನೀರಾಗ ಬಿಡಬಾರದು. ಉಪ್ಪು ಹಾಕಿ ಅರ್ಧ ನಿಂಬಿಹಣ್ಣಿಲೆ ತಿಕ್ಕಿ, ಲಗೂನ ತೊಳದು ಒರಸಿ, ನೆರಳಾಗ ಗ್ವಾಡಿಗೆ ಓರೆ ನಿಲ್ಲಸಬೇಕು. ಗಾಣದ ಅಗಸಿ ಎಣ್ಣಿ ಸ್ವಲ್ಪ ಬೆಚ್ಚಗ ಮಾಡಿ ಹಚ್ಚಬೇಕು. ಹೂಂ ಅಂತ ತಲಿ ಹಾಕಿ ಬಂದು, ಎಣ್ಣಿ ಮ್ಯಾಲಿನ ಬದಿಗಷ್ಟ ಹಚ್ಚಿದೆ. ಕೆಳಗಿನ ಬದಿ ಯಾರು ನೋಡ್ತಾರ ಅಂತ! ಎರಡು ದಿನಕ್ಕ ಮಣಿ ಬಾಗಿ ತೊಟ್ಟಿಲಂಗ ತೂಗಾಕ ಹತ್ತಿತು. ಹಣಿ ಹಣಿ ಬಡಕೊಂಡೆ. ಮತ್ತ ಕೆಳಗಿನ ಬದಿ, ನಾಲ್ಕೂ ಅಂಚು ಬಿಡದಂಗ ಎಣ್ಣಿ ಹಚ್ಚೋದು, ಒರಸೋದು, ನಿಲ್ಲಸೋದು. ಹದಿನೈದು ದಿನ ಬಿಡಲಿಲ್ಲ. ಮಣಿ ಮೆಲ್ಲಕ ನೆಲಕ್ಕ ಕುಂತಿತು. ಒತ್ತಿ ನೋಡಿದೆ, ಅಲುಗಲಿಲ್ಲ.

ಐತವಾರ ಮುಂಜಾನಿ ಅತ್ತಿಯ ಮುಂದ ಹಸಿ ಅರಿವಿ ಹಾಸಿ ಮಣಿ ಇಟ್ಟೆ. ಅಲಮಾರಿನ್ಯಾಗಿನ ಚಾಕು ತಗದು ಅವರ ಕೈಯಾಗ ಕೊಟ್ಟೆ. ನಮ್ಮ ಮನಿಯವ್ರು ಬಾಗಲದಾಗ ನಿಂತು, ಹೇಳಿದ್ದು ತಿಳೀಲಿಲ್ಲೇನು ಅಂತ ಜೋರು ಮಾಡಿದ್ರು. ನಾನು ಅವರ ಕಡಿ ತಿರುಗಿ ನಿಂತೆ.

"ಅತ್ತಿಯರ ಕೈದು ತಪ್ಪಲ್ರಿ. ಮಣಿ ನೆನಿಹಾಕಿ ಬಿಸಲಿಗಿಟ್ಟು ಒಡದಾಕಿ ನಾನು. ಜಾರೋ ಮಣಿ ತಂದು ಕೊಟ್ಟಾಕಿನೂ ನಾನ. ಇದು ಜಾರೂದಿಲ್ಲ."

"ನನಗ ಅವತ್ತ ಗೊತ್ತಾಗಿತ್ತು ತೊಗೊ," ಅಂದ್ರು ಅತ್ತಿ. "ಮಣಿ ಸಾಬಣ ನಾರತಿತ್ತು."

ಹೊಲಿಗಿ ಗುರ್ತು ಇನ್ನೂ ಮಾಸದ ಬೆರಳು ಉಳ್ಳಾಗಡ್ಡಿ ಮ್ಯಾಲ ಇಟ್ಟು ಹೆಚ್ಚಾಕ ಹತ್ತಿದ್ರು. ಒಂದು ಹೋಳು ದಪ್ಪ, ಒಂದು ತೆಳು. ಮಗ ನಿಂತಲ್ಲೇ ನಿಂತಿದ್ರು. ಅತ್ತಿ ತಲಿ ಎತ್ತಲಿಲ್ಲ.

"ನಿಂತು ಏನ್ ನೋಡ್ತಿ? ಇನ್ನೆರಡು ಸುಲದು ಕೊಡು."

ನಮ್ಮ ಮನಿಯವ್ರು ಕುಂತು ಸುಲಿಯಾಕ ಹತ್ತಿದ್ರು. ನಾಲ್ಕೂ ಉಳ್ಳಾಗಡ್ಡಿ ಮುಗಿಸಿ, ಚಾಕು ಮಣಿ ಮ್ಯಾಲ ಇಟ್ಟು, ಅತ್ತಿ ಚಾ ಕೇಳಿದ್ರು.