ನಮ್ಮ ಮನೆ ಗೇಟಿನ ಸದ್ದು

ಶ್ರೀರಾಂಪುರದಲ್ಲಿ ನಮ್ಮ ಬೀದಿಯ ಕೊನೆಗೆ ಕುದುರೆ ಪಳಗಿಸುವವರೊಬ್ಬರ ಲಾಯವಿತ್ತು. ರೇಸಿನಿಂದ ನಿವೃತ್ತಿಯಾದ ಕುದುರೆಗಳನ್ನು ತಂದು, ಪಳಗಿಸಿ, ಸಾಕುವವರನ್ನು ಹುಡುಕಿ ಕೊಡುವುದು ಅವರ ಕೆಲಸ. ಕುದುರೆಯ ಕುತ್ತಿಗೆ ತಟ್ಟುತ್ತಾ, "ಓಟ ಮುಗೀತು ಕಣವ್ವ, ಇನ್ನು ನಿಧಾನ ಕಲಿ" ಎನ್ನುತ್ತಿದ್ದರು.

ಒಮ್ಮೆ ಒಂದು ಕಂದು ಹೆಣ್ಣು ಕುದುರೆಯನ್ನು ಸವಾರಿ ಶಾಲೆಯವರು ಹಿಂದಕ್ಕೆ ಕಳಿಸಿದರು. ಕಬ್ಬಿಣದ ಗೇಟಿನ ಸದ್ದಾದರೆ ಸಾಕು, ರೇಸು ಶುರುವಾಯಿತೆಂದುಕೊಂಡು ಓಟ ಕೀಳುತ್ತಿತ್ತಂತೆ. ಅದರ ಮೇಲೆ ಮಕ್ಕಳನ್ನು ಕೂರಿಸುವುದು ಹೇಗೆ? ಇನ್ನೊಂದು ಸಲ ಬಂದು ನೋಡುತ್ತೇವೆ, ಅಷ್ಟೇ ಎಂದಿದ್ದರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಮರುದಿನ ನಾನು ರಂಗೋಲಿ ಹಾಕುವಾಗ ಲಾಯದವರು ಅದನ್ನು ಹಿಡಿದುಕೊಂಡು ಬಂದರು. "ಅಕ್ಕಾ, ನಿಮ್ ಗೇಟು ಹಾಕಿದ್ರೆ ಬೀದಿಗೆಲ್ಲಾ ಕೇಳ್ತದೆ. ದಿನಾ ಬೆಳಗ್ಗೆ ಒಸಿ ಜೋರಾಗೇ ಹಾಕ್ತೀರಾ?"

"ಇದು ಬೈಗುಳವೋ, ಹೊಗಳಿಕೆಯೋ?" ಎಂದೆ.

ಮೊದಮೊದಲು ನಾನು ಗೇಟು ಹಾಕಿದೊಡನೆ ಅದು ಅವರನ್ನೂ ಎಳೆದುಕೊಂಡೇ ಓಡುತ್ತಿತ್ತು. "ಓಟ ಮುಗೀತು ಕಣವ್ವ" ಎಂಬ ಮಾತು ತಿರುವಿನಾಚೆಯಿಂದ ಕೇಳಿಸುತ್ತಿತ್ತು. ಬರಬರುತ್ತಾ ಬರೀ ಬೆಚ್ಚತೊಡಗಿತು. ಶಾಲೆಯವರು ಬಂದ ದಿನ ನಾನು ಗೇಟನ್ನು ಧಡಾರನೆ ಹಾಕಿದೆ. ಕುದುರೆ ಒಂದು ಕಿವಿಯನ್ನಷ್ಟೇ ತಿರುಗಿಸಿ, ಲಾಯದವರ ಕೈಯಿಂದ ಕ್ಯಾರೆಟ್ ತಿನ್ನುತ್ತಾ ನಿಂತಿತು.

ಅದು ಶಾಲೆಗೆ ಹೋದ ಮೇಲೆ, ಇನ್ನಾದರೂ ಸದ್ದು ನಿಲ್ಲಲೆಂದು ನಮ್ಮ ಯಜಮಾನರು ಗೇಟಿಗೆ ರಬ್ಬರ್ ತುಂಡು ಕಟ್ಟಲು ಹೊರಟರು. ಲಾಯದಿಂದ ಅವರು ಓಡಿ ಬಂದರು.

"ತಡೀರಿ ಸಾರ್! ನಾಳೆ ಇನ್ನೊಂದು ಬತ್ತಾ ಅದೆ."