ಹಿಂದಿನ ಓಣಿಯ ಸಾಲಗಾರ್ತಿ

ನಮ್ಮ ಕಡೆ ಯಾರಾದರೂ ಎದುರಾದರೆ ಮೊದಲು ಕೇಳುವ ಮಾತು 'ಆರಾಮ ಅದೀರಿ?' ಕೇಳಿದವರಿಗೆ ನಿಜವಾದ ಉತ್ತರ ಬೇಕಾಗಿರುವುದಿಲ್ಲ, ಹೇಳುವವರಿಗೂ ಅಷ್ಟು ಹೊತ್ತು ನಿಲ್ಲುವ ವ್ಯವಧಾನ ಇರುವುದಿಲ್ಲ. 'ಆರಾಮ್ರಿ' ಎಂದು ಹೇಳಿ ಇಬ್ಬರೂ ನಮ್ಮ ನಮ್ಮ ದಾರಿ ಹಿಡಿಯುತ್ತೇವೆ. ಕೆಲವು ವರ್ಷಗಳ ಕಾಲ ನಾನು ಈ ಮಾತನ್ನು ಹಗಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಒಂದು ಸಲವೂ ಅದು ಖರೆ ಇರಲಿಲ್ಲ. ಆಗ ನನ್ನ ಮೇಲೆ ಸಾಲವಿತ್ತು. ಸಾಲ ಇದ್ದವರು ಆರಾಮ ಇರಕೂಡದು ಎಂಬ ಕಾನೂನು ಎಲ್ಲೂ ಇಲ್ಲವಾದ್ದರಿಂದ ಅದನ್ನು ನಾನೇ ಮಾಡಿಕೊಂಡಿದ್ದೆ.

ಸಾಲ ಹೇಗಾಯಿತೆಂದು ಹೇಳಲು ಈಗಲೂ ಸ್ವಲ್ಪ ನಾಚಿಕೆ. ಮದುವೆಗೋ ದವಾಖಾನೆಗೋ ಸಾಲ ಮಾಡಿದವರಿಗೆ ಹೇಳಿಕೊಳ್ಳಲು ಒಂದು ಘನತೆಯಾದರೂ ಇರುತ್ತದೆ. ನಾನು ಸಾಲ ಮಾಡಿದ್ದು ಒಂದು ಪ್ಲಾಟಿಗೆ. ನಮ್ಮ ಮನೆ ಬಸವಕಲ್ಯಾಣದಲ್ಲಿ, ನಾನು ಕನ್ನಡ ಕಲಿಸುವ ಹೈಸ್ಕೂಲು ಹುಮನಾಬಾದಿನಲ್ಲಿ. ಆ ವರ್ಷ ನಮ್ಮ ಸ್ಟಾಫ್ ರೂಮಿಗೆ ಪ್ಲಾಟಿನ ಜ್ವರ ಬಂದಿತ್ತು. ವಿಜ್ಞಾನದವರು ತೆಗೆದುಕೊಂಡರು, ಪಿ.ಟಿ. ಮಾಸ್ತರರು ತೆಗೆದುಕೊಂಡರು, ಕಡೆಗೆ ಗಣಿತದವರೂ ತೆಗೆದುಕೊಂಡರು. ಗಣಿತದವರೇ ತೆಗೆದುಕೊಂಡ ಮೇಲೆ ಲೆಕ್ಕ ಸರಿ ಇರಲೇಬೇಕು ಎಂದು ನಾನು ನಂಬಿದೆ. ಹೆದ್ದಾರಿಯ ಬದಿಗೆ, ನಿನ್ನೆ ಮೊನ್ನೆಯವರೆಗೆ ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು 'ಇದು ನಿಮ್ದು ಮೇಡಂ' ಎಂದರು. ಆ ಕಲ್ಲುಗಳ ನಡುವೆ ನಿಂತು ನಾನು ಫೋಟೋ ಕೂಡ ತೆಗೆಸಿಕೊಂಡೆ. ಮನೆಯಂತೂ ಅಲ್ಲಿ ಏಳಲಿಲ್ಲ, ಜಾಲಿ ಎದ್ದಿದೆ. ಇವತ್ತಿನವರೆಗೆ ಆ ಪ್ಲಾಟಿನಿಂದ ಲಾಭ ಪಡೆದವು ಯಾರದೋ ಆಡುಗಳು ಮಾತ್ರ.

ಈ ಜಾಲಿಯ ತೋಟಕ್ಕಾಗಿ ಬ್ಯಾಂಕಿನಲ್ಲಿ ಸಾಲ ತೆಗೆದೆ, ಅದರ ಕಂತು ಪಗಾರದಲ್ಲೇ ಕಡಿತವಾಗುತ್ತಿತ್ತು. ತವರಿನವರು ಹಾಕಿದ ಚಿನ್ನದ ಬಳೆ, ಪಾಟಲಿಗಳನ್ನು ಅಡವಿಟ್ಟೆ. ಆದರೂ ಸ್ವಲ್ಪ ಕಡಿಮೆ ಬಿತ್ತು. ಆ ಸ್ವಲ್ಪವನ್ನು ಕೊಟ್ಟವಳು ಸುಲೋಚನಾ.

ಸುಲೋಚನಾ ಚಿಟಗುಪ್ಪದಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು. ನನ್ನನ್ನು ಕಲ್ಯಾಣಕ್ಕೆ ಕೊಟ್ಟರು, ಅವಳನ್ನು ಹುಮನಾಬಾದಿಗೆ ಕೊಟ್ಟರು. ಬಸ್ ಸ್ಟ್ಯಾಂಡಿನಿಂದ ನಮ್ಮ ಶಾಲೆಗೆ ಹೋಗುವ ರಸ್ತೆಯಲ್ಲಿ ಅವಳದೊಂದು ಸಣ್ಣ ಅಂಗಡಿ ಇದೆ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು ಅವಳ ಕೆಲಸ. ನನಗೆ ಹುಮನಾಬಾದಿಗೆ ಕೆಲಸದ ಆರ್ಡರ್ ಬಂದಾಗ ನನಗಿಂತ ಹೆಚ್ಚು ಕುಣಿದವಳು ಅವಳೇ. ಅಂದಿನಿಂದ ದಿನಾಲೂ ಬಸ್ಸಿಳಿದು ಅವಳ ಅಂಗಡಿಯಲ್ಲಿ ಅರ್ಧ ಕಪ್ ಚಹಾ ಕುಡಿದೇ ನಾನು ಶಾಲೆಗೆ ಹೋಗುವುದು. ಹೆಂಗಸರೆಲ್ಲ ತಿಂಗಳು ತಿಂಗಳು ರೊಕ್ಕ ಕೂಡಿಸಿ ಚೀಟಿ ಎತ್ತುವ ಭಿಶಿ ಅವರ ಓಣಿಯಲ್ಲೂ ಇತ್ತು. ಆ ತಿಂಗಳು ಅವಳ ಹೆಸರು ಎದ್ದಿತ್ತು. ಹೊಸ ಹೊಲಿಗೆ ಮಷೀನಿಗೆಂದು ಇಟ್ಟುಕೊಂಡಿದ್ದ ರೊಕ್ಕವನ್ನು ಎಣಿಸದೇ ನನ್ನ ಚೀಲಕ್ಕೆ ಹಾಕಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ, "ಚಹಾ ಆರಾಕತ್ತದ, ಕುಡಿ ಮೊದ್ಲ" ಎಂದಳು.

ಶಾಸ್ತ್ರ ತಿಳಿದವರು ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎನ್ನುತ್ತಾರೆ: ದೇವರದು, ಋಷಿಗಳದು, ಪಿತೃಗಳದು. ಈ ಮೂವರೂ ಬಹಳ ಸಭ್ಯರು. ಕಂತು ತಪ್ಪಿದರೆ ಫೋನು ಮಾಡುವುದಿಲ್ಲ. ಬ್ಯಾಂಕಿನದು ಇದಕ್ಕೆ ತದ್ವಿರುದ್ಧ. ಅದಕ್ಕೆ ಮುಖವಿಲ್ಲ, ಆದ್ದರಿಂದ ನಾಚಿಕೆಯೂ ಇಲ್ಲ. ಅದರ ಮುಂದೆ ನಮಗೂ ನಾಚಿಕೆ ಆಗುವುದಿಲ್ಲ. ತ್ರಾಸು ಕೊಡುವುದು ಕೈಗಡ. ನಮ್ಮಲ್ಲಿ ಕೈಗಡಕ್ಕೆ ಬಡ್ಡಿ ಇಲ್ಲ, ಕಾಗದವಿಲ್ಲ, ಗಡುವೂ ಇಲ್ಲ. ಇರುವುದು ಯಾರೂ ಬಾಯಿಬಿಟ್ಟು ಹೇಳದ ಒಂದೇ ನಿಯಮ. ಕೊಟ್ಟವರು ಕೇಳಬಾರದು. ಬಾಯಿಂದ ಕೇಳಬಾರದು ಎಂದಷ್ಟೇ ಅಲ್ಲ, ಕೆಲಸವಿಲ್ಲದೆ ಸಾಲಗಾರರ ಎದುರು ಸುಳಿದರೂ ಅದು ಕೇಳಿದ ಹಾಗೇ. ಮರ್ಯಾದಸ್ಥರು ಅಷ್ಟನ್ನೂ ಮಾಡುವುದಿಲ್ಲ. ಕೇಳದೇ ಇರುವವರ ಸಾಲ ಕೇಳುವವರ ಸಾಲಕ್ಕಿಂತ ಭಾರ ಎಂಬುದು ನನಗೆ ತಿಳಿದದ್ದು ನಾನಾಗಿಯೇ ಕೊಡುತ್ತೇನೆಂದು ಹೇಳಿದ್ದ ಯುಗಾದಿ ದಾಟಿ ಹೋದ ಮೇಲೆ.

ಕೊಡಲು ಆಗಲಿಲ್ಲ. ನಾಲ್ಕು ದಿನ ಅಂಗಡಿಗೆ ಹೋದೆ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಐದನೆಯ ದಿನ ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ಹೊರಳಿ ಹಿಂದಿನ ಓಣಿ ಹಿಡಿದೆ. ಅದು ಸುತ್ತು ದಾರಿ. ಚರಂಡಿ, ಕಟ್ಟಿಗೆ ಅಡ್ಡೆ, ಒಂದು ಹಿಟ್ಟಿನ ಗಿರಣಿ, ಮಲಗಿದ ನಾಯಿಗಳು, ಎಲ್ಲವನ್ನೂ ದಾಟಿ ಶಾಲೆಯ ಹಿಂಬಾಗಿಲಿಗೆ ಬರುತ್ತದೆ. ಇವತ್ತೊಂದು ದಿನ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ, ಕಾಲುಗಳೇ ಎಡಕ್ಕೆ ಹೊರಳತೊಡಗಿದವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಾಲ ಬೇಗ ತೀರಿಸಬೇಕೆಂದು ಉಳಿತಾಯದ ವ್ರತವನ್ನೂ ಹಿಡಿದೆ. ಶಾಲೆಯ ಚಹಾ ಬಿಟ್ಟೆ. ಸಂಜೆಯ ಮಿರ್ಚಿ ಭಜಿ ಬಿಟ್ಟೆ. ಡಬ್ಬಿಯಲ್ಲಿ ರೊಟ್ಟಿ ಕಡಿಮೆ ಮಾಡಿದೆ, ರೊಟ್ಟಿಗೂ ಬ್ಯಾಂಕಿಗೂ ಏನು ಸಂಬಂಧವೋ ದೇವರೇ ಬಲ್ಲ. ಹಲ್ಲು ನೋಯುತ್ತಿದ್ದರೂ ತೋರಿಸಲಿಲ್ಲ. ನಗುವುದು ಕೂಡ ಖರ್ಚಿನ ಬಾಬತ್ತು ಎಂಬಂತೆ ಮುಖ ಬಿಗಿದುಕೊಂಡೆ. ಕಾಯಕ, ದಾಸೋಹ ಎಂಬ ಮಾತುಗಳು ಗಾಳಿಯಲ್ಲೇ ಇರುವ ಊರಿನವಳು ನಾನು. ಆದರೆ ಮನೆಗೆ ನೆಂಟರು ಬಂದರೆ ಸಕ್ಕರೆ ಡಬ್ಬಿಯ ಕಡೆಗೇ ನನ್ನ ಕಣ್ಣು. ಸಹೋದ್ಯೋಗಿಗಳು ನನ್ನ ಇಳಿದ ಮೈ ನೋಡಿ ಯಾವ ಡಯಟ್ ಮಾಡುತ್ತೀರಿ ಎಂದು ಅಸೂಯೆಯಿಂದ ಕೇಳಿದರು. ಪ್ಲಾಟ್ ತೆಗೆದುಕೊಳ್ಳಿ ಎಂದು ಹೇಳಬೇಕೆನಿಸಿತು, ಅವರೂ ತೆಗೆದುಕೊಂಡಿದ್ದರಾದ್ದರಿಂದ ಸುಮ್ಮನಾದೆ.

ನಮ್ಮ ಮನೆಯವರು ಕಲ್ಯಾಣದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. ಒಂದು ದಿನ ನನ್ನ ತಟ್ಟೆ ನೋಡಿ, "ನಿನ್ನ ಉಪಾಸದಿಂದ ಸಾಲ ತೀರೂದಿದ್ರ ನಾನೂ ನಾಳಿಂದ ಉಪಾಸ ಬೀಳ್ತೀನಿ. ಲೋಡ್ ಜಾಸ್ತಿ ಕೊಟ್ರ ಮೋಟಾರ್ ಸುಟ್ಟು ಹೋಗ್ತದ, ಅಷ್ಟ ನಂಗ ಗೊತ್ತಿರೂದು" ಎಂದರು. ನಾನು ಕೇಳಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆಯೇ ಕಣ್ಣುಕತ್ತಲೆ ಬಂದು ಬಿದ್ದ ಮೇಲೆ ಕೇಳಬೇಕಾಯಿತು.

ಡಾಕ್ಟರು ಬಿ.ಪಿ. ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಿದ್ದೆಯ ಬಗ್ಗೆ ಕೇಳಿದರು. ನಾನು ಅಭ್ಯಾಸಬಲದಿಂದ 'ಆರಾಮ್ರಿ' ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಟೀಚರ್, ಸಾಲ ತೀರಿಸೋ ಗಡಿಬಿಡಿಯಾಗ ಸಾಲಗಾರನ್ನ ಮುಗಿಸಬ್ಯಾಡ್ರಿ. ಕಂತು ತುಂಬಾಕ ಬ್ಯಾಂಕಿನವ್ರಿಗೂ ನೀವು ಬೇಕಲ್ಲ?"

ಅವರು ಬರೆದ ಗುಳಿಗೆ, ಟಾನಿಕ್ಕು, ರಕ್ತ ತಪಾಸಣೆ ಎಲ್ಲ ಸೇರಿ ನಾನು ಅಷ್ಟು ತಿಂಗಳು ಚಹಾ, ಭಜಿ ಬಿಟ್ಟು ಉಳಿಸಿದ್ದನ್ನು ನುಂಗಿ ಇನ್ನೂ ಸ್ವಲ್ಪ ಕೇಳಿತು. ಗಣಿತದವರು ನನಗೆ ಈ ಲೆಕ್ಕವನ್ನೂ ಮೊದಲೇ ಹೇಳಿರಲಿಲ್ಲ. ಅಂದಿನಿಂದ ಮನೆಯಲ್ಲಿ ಹೊಸ ಏರ್ಪಾಡಾಯಿತು. ಪಗಾರ ಬಂದ ದಿನ ಮೊದಲು ಊಟ, ಔಷಧ, ಸಂಜೆಯ ಚಹಾಗಳಿಗೆ ತೆಗೆದಿಡುವುದು, ಆಮೇಲೆ ಸಾಲದ ಮಾತು. ಸಾಲ ಸ್ವಲ್ಪ ನಿಧಾನವಾಗಿ ಇಳಿಯಿತು. ಆದರೆ ನಿದ್ದೆ ಬರತೊಡಗಿತು. ಮನೆಯವರ ಅಂಗಡಿಯ ಸುಗ್ಗಿ ಬೇಸಿಗೆ, ಪಂಪ್‌ಸೆಟ್‌ಗಳೆಲ್ಲ ಸುಟ್ಟುಕೊಂಡು ಅವರ ಬಳಿ ಬರುತ್ತವೆ. ಆ ಬೇಸಿಗೆಯ ದುಡಿಮೆಯಲ್ಲಿ ಪಾಟಲಿಗಳು ಮನೆಗೆ ಬಂದವು.

ಆದರೆ ಹಿಂದಿನ ಓಣಿ ಮಾತ್ರ ತಪ್ಪಲಿಲ್ಲ. ಡಾಕ್ಟರ ಗುಳಿಗೆ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಸುಲೋಚನಾಳಿಗೆ ನಾನು ಬಿದ್ದದ್ದು ಗೊತ್ತಿರಬಹುದೇ, ಗೊತ್ತಿದ್ದೂ ನೋಡಲು ಬರಲಿಲ್ಲವೇ ಎಂದು ಕೊರಗುತ್ತಿದ್ದೆ. ಮುಖ ತಪ್ಪಿಸುತ್ತಿದ್ದವಳು ನಾನು, ಸಿಟ್ಟು ಅವಳ ಮೇಲೆ! ಇಷ್ಟು ವರ್ಷದ ಗೆಳೆತನ ಹೀಗೇ ಮುಗಿಯುತ್ತದೆಂದು ನನಗೆ ಖಾತ್ರಿಯಾಗಿತ್ತು.

ಒಂದು ಬೆಳಿಗ್ಗೆ ಕರೆಂಟ್ ಇರಲಿಲ್ಲ. ಹಿಂದಿನ ಓಣಿಯ ಗಿರಣಿ ನಿಂತಿತ್ತು. ದಿನಾಲೂ ಆ ಸದ್ದಿನಲ್ಲಿ ತಲೆ ತಗ್ಗಿಸಿ ದಾಟಿಬಿಡುತ್ತಿದ್ದವಳು ಆ ದಿನ ಸುಮ್ಮನೆ ತಲೆ ಎತ್ತಿದೆ. ಗಿರಣಿಯ ಬಾಗಿಲಲ್ಲಿ ಒಂದು ಸಣ್ಣ ಚೀಲ ಹಿಡಿದು ನಿಂತವಳು ಸುಲೋಚನಾ. ಇಬ್ಬರೂ ಕಳ್ಳರ ಹಾಗೆ ಬೆಚ್ಚಿದೆವು.

"ನೀ ಇಲ್ಲ್ಯಾಕ?" ಎಂದಳು.

"ನೀ ಯಾಕ? ಈ ವ್ಯಾಳ್ಯಾದಾಗ ದುಕಾನ ಬಿಟ್ಟು?" ಎಂದೆ.

"ಜ್ವಾಳ ಬೀಸಾಕ ಬಂದೀನಿ."

ಒಳಗೆ ಕುಳಿತಿದ್ದ ಗಿರಣಿಯ ಮುದುಕಿಗೆ ತಡೆಯಲಿಲ್ಲ. "ಅಕ್ಕೋರೇ, ಈಕಿ ದಿನಾ ಒಂದು ಬೊಗಸಿ ಜ್ವಾಳ ತರ್ತಾಳ್ರಿ. ಗಿರಣಿ ಸುರು ಮಾಡೂದ್ರಾಗ ಹಿಟ್ಟು ಮುಗಿದಿರ್ತದ. ಒಮ್ಮೆಲೆ ಚೀಲ ತಾ ಅಂದ್ರ ಕೇಳೂದಿಲ್ಲ. ಬೀಸಿದ ಮ್ಯಾಲೂ ಹೋಗೂದಿಲ್ಲ, ಇಲ್ಲೇ ಮೂಲ್ಯಾಗ ಕುಂದರ್ತಾಳ."

ಸುಲೋಚನಾ ಚೀಲದ ಹಿಡಿಕೆ ತಿರುವುತ್ತ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು: "ನಿನ್ನ ಬಸ್ ಬರೋ ವ್ಯಾಳ್ಯಾಕ್ಕ ನಾ ದುಕಾನದಾಗ ಇರೂದಿಲ್ಲವಾ. ಹೋಗ್ತಾ ಬರ್ತಾ ನನ್ನ ಮಾರಿ ಕಂಡ್ರ ನಿಂಗ ರೊಕ್ಕ ಕೇಳಿದಂಗ ಆಗ್ತದ. ನೀ ದುಕಾನ ದಾಟಿ ಹೋದ ಮ್ಯಾಲ ಹೋಗಿ ಬಾಗಲಾ ತೆಗಿತೀನಿ."

"ನಾ ದುಕಾನ ದಾಟೂದೇ ಇಲ್ಲಲ್ಲ! ನಾ ದಿನಾ ಇದೇ ಓಣಿಲೇ ಹೋಗ್ತೀನಿ!"

ಒಂದು ಕ್ಷಣ ಇಬ್ಬರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕೆವು. ನಾಯಿಗಳು ಎದ್ದು ದೂರ ಹೋಗುವಷ್ಟು ನಕ್ಕೆವು. ನಮ್ಮಿಬ್ಬರ ಮರ್ಯಾದೆಯ ದೆಸೆಯಿಂದ ಮುಂದಿನ ರಸ್ತೆಯಲ್ಲಿ ಅವಳ ಅಂಗಡಿ ದಿನಾಲೂ ಬೆಳಿಗ್ಗೆ ಬೀಗ ಹಾಕಿಕೊಂಡು ನಿಂತಿತ್ತು. ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಕೊಟ್ಟು ಹೋಗುವುದೇ ಆ ಹೊತ್ತಿನಲ್ಲಿ. ಎಷ್ಟು ಗಿರಾಕಿಗಳು ಬೇರೆ ಅಂಗಡಿಗೆ ಹೋಗಿದ್ದರೋ. ನಾನು ಅವಳ ರೊಕ್ಕವನ್ನಷ್ಟೇ ಅಲ್ಲ, ಅವಳ ಬೆಳಗಿನ ವ್ಯಾಪಾರವನ್ನೂ ಸಾಲ ತೆಗೆದುಕೊಂಡಿದ್ದೆ.

ನಗುತ್ತಿದ್ದವಳು ಇದ್ದಕ್ಕಿದ್ದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀ ಸಾಲ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದೀ ಅಂತ ಕೇಳಿ ಕಲ್ಯಾಣದ ತನಕ ಬಂದಿದ್ನಿ. ನಿಮ್ಮ ಓಣಿ ಕಡೀಗೆ ನಿಂತು ತಿರುಗಿ ಬಂದ್ನಿ. ಜಡ್ಡಾದಾಗ ರೊಕ್ಕ ಕೇಳಾಕ ಬಂದಾಳ ಅಂತ ನಿಮ್ಮವ್ರು ತಿಳ್ಕೋತಾರ ಅಂತ ಅಂಜಿಕಿ ಬಂತು. ಆ ರೊಕ್ಕ ಹೋದ್ರ ಹೋಗ್ಲಿ, ನೀ ಹೋಗಬ್ಯಾಡವಾ."

ನನಗೂ ಅಳು ಬಂತು. ಮುದುಕಿ ಮಾತ್ರ ಕರೆಂಟ್ ಯಾವಾಗ ಬರುತ್ತದೋ ಎಂದು ಲೈಟಿನ ಕಂಬ ನೋಡುತ್ತ ಕುಳಿತಿದ್ದಳು.

ಆ ದಿನ ನಾನು ಶಾಲೆಗೆ ತಡವಾಗಿ ಹೋದೆ. ಹೋಗುವ ಮೊದಲು ಒಂದು ಕರಾರಾಯಿತು. ಪಗಾರದ ಮರುದಿನ ನಾನು ಅವಳ ಅಂಗಡಿಗೆ ಹೋಗಬೇಕು, ಆದಷ್ಟು ಕೊಡಬೇಕು. ಅವಳು ನಾಚಿಕೆಪಡದೆ ತೆಗೆದುಕೊಳ್ಳಬೇಕು. ಏನೂ ಕೊಡಲಾಗದ ತಿಂಗಳಲ್ಲಂತೂ ನಾನು ತಪ್ಪದೇ ಹೋಗಬೇಕು ಎಂಬುದು ಅವಳು ಸೇರಿಸಿದ ಷರತ್ತು. ಹಲ್ಲು ಕೀಳಿಸಿದ ತಿಂಗಳು ಅಂಥ ಪರೀಕ್ಷೆ ಬಂತು. ಬರಿಗೈಯಲ್ಲಿ ಹೋಗಿ ಅವಳ ಸ್ಟೂಲಿನ ಮೇಲೆ ಕುಳಿತು, ನೆಲದಲ್ಲಿ ಬಿದ್ದಿದ್ದ ಬಣ್ಣಬಣ್ಣದ ದಾರದ ತುಂಡುಗಳನ್ನು ನೋಡುತ್ತ ಚಹಾ ಕುಡಿದೆ. ಅದು ನಾನು ಕೊಟ್ಟ ಕಂತುಗಳಲ್ಲೆಲ್ಲ ದೊಡ್ಡ ಕಂತು ಎಂದು ಈಗಲೂ ಅನಿಸುತ್ತದೆ.

ಕನ್ನಡದಲ್ಲಿ ನಾವು ಋಣಾನುಬಂಧ ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡುತ್ತೇವೆ. ಗಂಡ ಹೆಂಡತಿಯದೂ ಋಣಾನುಬಂಧ, ಬಸ್ಸಿನಲ್ಲಿ ಪಕ್ಕ ಕುಳಿತವರದೂ ಋಣಾನುಬಂಧ. ಹಿರಿಯರು ಸಂಬಂಧಗಳನ್ನೆಲ್ಲ ಸಾಲದ ಬಾಬತ್ತಿಗೆ ಏಕೆ ಸೇರಿಸಿದರೋ ಎಂದು ಮೊದಲು ಯೋಚಿಸುತ್ತಿದ್ದೆ. ಕೊಡುವುದು ಉಳಿದಿದೆ ಎಂಬ ಕಾರಣಕ್ಕೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗುತ್ತಿರಲಿ ಎಂದು ಅವರ ಆಸೆ ಇದ್ದಿರಬೇಕು. ಹಿಂದಿನ ಓಣಿಯಿಂದ ಹೋಗುವವರು ಹುಟ್ಟುತ್ತಾರೆಂದು ಪಾಪ, ಅವರಿಗೆ ಹೊಳೆದಿರಲಿಕ್ಕಿಲ್ಲ.

ಕಳೆದ ದೀಪಾವಳಿಗೆ ಮುಂಚೆ ಸುಲೋಚನಾಳ ಬಾಕಿ ಚುಕ್ತಾ ಆಯಿತು. ನೋಟುಗಳನ್ನು ಮಷೀನಿನ ಮೇಲಿಟ್ಟೆ. ಅವಳು ಎಣಿಸದೇ ಡ್ರಾಯರಿಗೆ ಹಾಕಿ, "ನಾಳೆ ಬಾ. ಏನೂ ತರಬ್ಯಾಡ" ಎಂದಳು. ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಹೋದೆ. ಕೊಡುವುದಿರಲಿಲ್ಲ, ಹೇಳಿಕೊಳ್ಳುವ ನೆಪವಿರಲಿಲ್ಲ, ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಈ ಸೆರಗು ಹಿಡಿ" ಎಂದು ಹಸಿರು ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಅವಳು ಫಾಲ್ ಹೊಲಿಯತೊಡಗಿದಳು. ಸೀರೆ ಹಿಡಿದು ಎದುರಿಗೇ ನಿಂತವಳಿಗೆ ಅವಳ ಬೈತಲೆ ಕಂಡಿತು. ಎರಡೂ ಬದಿಗೆ ಕೂದಲು ಪೂರಾ ಬೆಳ್ಳಗಾಗಿತ್ತು.

"ಸುಲೂ, ಇದೇನ ಇದು? ಯಾವಾಗ ಹಣ್ಣಾದ್ವು ಕೂದಲಾ?"

ಅವಳು ಮಷೀನು ನಿಲ್ಲಿಸಲಿಲ್ಲ. "ಎರಡು ವರ್ಷ ಆಗಿರಬೇಕು. ನೀ ಬರ್ತಿದ್ದಿ ಖರೆ, ನೆಲಾ ನೋಡಿ ಹೋಗ್ತಿದ್ದಿ" ಎಂದಳು.

ಕಲ್ಯಾಣದ ಬಸ್ಸಿನ ಹೊತ್ತಾಗಿತ್ತು. ಹೋದರೆ ಹೋಗಲಿ ಎಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕುಳಿತೆ. ಎರಡು ವರ್ಷದ ಮುಖ ನೋಡುವುದಿತ್ತು.