ಕದಿಯದವನ ಚೀಲ

ಮೂಡುಬಿದಿರೆಯ ಶಾಲೆಯಲ್ಲಿ ಲತೀಶ ಬಾಯಿಬಡುಕ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದ. ಹದಿಮೂರನೇ ವಯಸ್ಸಿಗೆ ಅಮ್ಮ ವಾರಿಜಳ ಜೊತೆ ಪರದೇಶದ ಎಟೋಬಿಕೋಕ್‌ಗೆ ಬಂದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಅವನ ಇಂಗ್ಲಿಷಿಗೆ ಹುಡುಗರು ನಕ್ಕರು. ಮರಗೆಲಸದ ಕ್ಲಾಸಿನಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅಲ್ಲಿ ಅವನದೊಂದು ಸ್ಟೂಲು ತಯಾರಾಗುತ್ತಿತ್ತು. ಮುಂದೆ ಇದನ್ನೇ ಕಲಿಯಬೇಕೆಂಬ ಆಸೆಯೂ ಹುಟ್ಟಿತ್ತು.

ಒಂದು ದಿನ ಆ ಕ್ಲಾಸಿನಲ್ಲೇ ಒಬ್ಬ ಹುಡುಗಿಯ ಫೋನು ಕಾಣೆಯಾಯಿತು. ಯಾರೋ ಲತೀಶನತ್ತ ಬೆರಳು ತೋರಿಸಿದರು. ವೈಸ್ ಪ್ರಿನ್ಸಿಪಾಲ್ ಮೇಡಂ ಕೇಳಿದಾಗ ತಲೆ ತಗ್ಗಿಸಿ, “ನಾನಲ್ಲ” ಎಂದು ಮೆಲ್ಲಗೆ ಹೇಳಿದ. ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಾರದೆಂದು ಊರಲ್ಲಿ ಕಲಿತಿದ್ದ. ಆಕೆಗೆ ಕಂಡದ್ದು ತಗ್ಗಿದ ತಲೆ ಮಾತ್ರ. ಇರಲಿ, ಅಮ್ಮ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡು ಕೂತ.

ವಾರಿಜ ಬೇಕರಿಯ ಶಿಫ್ಟು ಬಿಟ್ಟು ಓಡಿ ಬಂದಳು. ಏನಾಯಿತೆಂದು ಕೇಳಲೂ ಇಲ್ಲ, ಬಂದವಳೇ ಕೈಮುಗಿದಳು.

“ಸಾರಿ ಮೇಡಂ, ವೆರಿ ಸಾರಿ! ಸ್ಮಾಲ್ ಬಾಯ್. ನೆಕ್ಸ್ಟ್ ಟೈಮ್ ನೋ ಮಿಸ್ಟೇಕ್!”

ನಮ್ಮ ಕಡೆ ಶಾಲೆಯಿಂದ ಕರೆ ಬಂದರೆ, ತಪ್ಪು ಯಾರದೇ ಇರಲಿ, ಮೊದಲು ಕ್ಷಮೆ ಕೇಳುವುದು. ಮೇಷ್ಟ್ರ ಸಿಟ್ಟಿಳಿದ ಮೇಲೆ ಮಿಕ್ಕ ಮಾತು. ಇಲ್ಲಿ ಆ ಮಿಕ್ಕ ಮಾತು ಬರಲೇ ಇಲ್ಲ. ಅಮ್ಮನ ಕ್ಷಮೆಯೇ ಮಗನ ತಪ್ಪೊಪ್ಪಿಗೆಯಾಯಿತು, ಅವನನ್ನು ಸಸ್ಪೆಂಡ್ ಮಾಡಿದರು.

“ನಾನು ತೆಗೀಲಿಲ್ಲ ಅಮ್ಮಾ” ಎಂದ, ಬಸ್ಸಿನಲ್ಲಿ.

“ಗೊತ್ತುಂಟು ಮಗಾ. ದೊಡ್ಡವರ ಹತ್ರ ಎಂತ ವಾದ? ಸಾರಿ ಹೇಳಿದ್ರೆ ಮುಗೀತಲ್ಲ.”

ಮುಗಿಯಲಿಲ್ಲ. ಅವನು ಮರಳಿ ಹೋದಾಗ ಹುಡುಗರು ತಂತಮ್ಮ ಫೋನುಗಳನ್ನು ಜೇಬಿಗೆ ತುರುಕಿಕೊಂಡರು. ಕೊನೆಗೆ ಕಳೆದ ಫೋನು ಆ ಹುಡುಗಿಯ ಜಿಮ್ ಲಾಕರಿನಲ್ಲೇ ಸಿಕ್ಕಿತು. ಆ ಸುದ್ದಿಯನ್ನು ಯಾರೂ ಜೋರಾಗಿ ಹೇಳಲಿಲ್ಲ. ಹೆಸರಿಗೆ ಮಸಿ ಬಳಿಯಲು ನೂರು ಕೈ, ತೊಳೆಯಲು ಒಂದೂ ಇಲ್ಲ! ಮರಗೆಲಸದ ಮೇಷ್ಟ್ರು ಉಳಿ, ಸುತ್ತಿಗೆಗಳ ಕಪಾಟಿಗೆ ಬೀಗ ಹಾಕಿದ ದಿನ ಲತೀಶ ಆ ಕ್ಲಾಸು ಬಿಟ್ಟ. ಸ್ಟೂಲಿಗೆ ಇನ್ನೊಂದು ಕಾಲು ಕೂರಿಸುವುದು ಬಾಕಿಯಿತ್ತು.

ಈಗ ದೊಡ್ಡವನಾದ ಅವನು ಹತ್ತಿರದ ಬೋಲ್ಟನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕದಿಯದವನೂ ಮುಟ್ಟಿ ನೋಡಿಕೊಳ್ಳುತ್ತಾನೆ, ಶಾಲೆ ಒಮ್ಮೆ ಕಲಿಸಿದರೆ ಸಾಕು. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಒಂದು ಸ್ಕ್ಯಾನರ್ ಕಾಣೆಯಾದರೂ, ಯಾರಾದರೂ ಕೇಳುವ ಮೊದಲೇ ಲತೀಶ ತನ್ನ ಚೀಲ ಬಿಚ್ಚಿಡುತ್ತಾನೆ. ಜೊತೆಯವರು ನಗುತ್ತಾರೆ. ವಾರಿಜಳಿಗೆ ಇದು ಗೊತ್ತಿರಲಿಲ್ಲ.

ಹೋದ ಭಾನುವಾರ ರಿಚ್ಮಂಡ್ ಹಿಲ್ ದೇವಸ್ಥಾನಕ್ಕೆ ಹೊರಟವಳಿಗೆ ಒಂದು ಬೆಂಡೋಲೆ ಸಿಗಲಿಲ್ಲ.

“ಲತೀಶಾ, ನನ್ನ ಬೆಂಡೋಲೆ ನೋಡಿದ್ಯಾ ಮಾರಾಯ?”

ಅವನು ಕೋಣೆಯಿಂದ ಚೀಲ ತಂದು ಅವಳ ಮುಂದೆ ಸುರಿದ. ಊಟದ ಡಬ್ಬಿ, ಕೈಗವಸು, ಬಸ್ ಕಾರ್ಡು ನೆಲಕ್ಕೆ ಬಿದ್ದವು. ಆಮೇಲೆ ಪ್ಯಾಂಟಿನ ಜೇಬುಗಳನ್ನೂ ಹೊರಗೆಳೆದು ತೋರಿಸಿ, ತಲೆ ತಗ್ಗಿಸಿ ನಿಂತ.

ವಾರಿಜ ಧಾವಿಸಿ ಅವನ ಜೇಬುಗಳನ್ನು ಒಳಗೆ ತುರುಕಿದಳು. “ಅಯ್ಯೋ, ಇದೆಂತ ಮಗಾ! ನಾನು ನಿನ್ನನ್ನು...”

“ಸಾರಿ ಅಮ್ಮಾ” ಎಂದ ಲತೀಶ. “ವೆರಿ ಸಾರಿ.”